ಮ್ಯಾಮತ್ತಿನ ದವಡೆ

ಬಸವಕಲ್ಯಾಣ, ಹುಮನಾಬಾದುಗಳ ಸುತ್ತಲಿನ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಬಾವಿ ತೋಡುವವರಿಗೆ ಮ್ಯಾಮತ್ತಿನ ಎಲುಬು ದೊರೆತೀತೇ ಎಂದು ಆ ಕಡೆಯ ವಾಚಕರೊಬ್ಬರು ಕೇಳಿದ್ದಾರೆ. ದೊರೆಯಲಾರದು, ಆ ಜಂಬಿಟ್ಟಿಗೆಯ ಮೂಲವಾದ ಕರಿಗಲ್ಲು, ಆನೆಗಳ ವಂಶವೇ ಹುಟ್ಟದಿದ್ದ ಕಾಲದಲ್ಲಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಆದರೆ ಹಿಮದ ನಾಡಿನ ಪ್ರಾಣಿಗೆ ನಮ್ಮ ಬಿಸಿಲು ಹೇಗೆ ಸಹ್ಯವಾದೀತು ಎಂಬ ಅವರ ಸಂದೇಹಕ್ಕೆ ಮಾತ್ರ ವಿಸ್ತಾರವಾಗಿಯೇ ಉತ್ತರಿಸಬೇಕು.

ಮ್ಯಾಮತ್ತು ಹಿಮದ ಸಂತಾನವೇ ಅಲ್ಲ. ಆ ಕುಲದ ಅತಿ ಪ್ರಾಚೀನ ಜಾತಿಯೆಂದು ಪರಿಗಣಿತವಾಗಿರುವ ಮ್ಯಾಮುಥಸ್ ಸಬ್‌ಪ್ಲಾನಿಫ್ರಾನ್ಸ್, ಸುಮಾರು 50 ಲಕ್ಷ ವರ್ಷಗಳ ಹಿಂದೆ ಆಫ್ರಿಕೆಯಲ್ಲಿ ಮೇಯುತ್ತಿತ್ತು. ದಕ್ಷಿಣ ಆಫ್ರಿಕೆಯ ವಾಲ್ ನದಿಯ ಜಲ್ಲಿಯಲ್ಲಿ ದೊರೆತ ಹಲ್ಲನ್ನು ಆಧರಿಸಿ 1928ರಲ್ಲಿ ಅದಕ್ಕೆ ಹೆಸರಿಟ್ಟವನು ಅಮೆರಿಕದ ಆಸ್ಬಾರ್ನ್. ದಟ್ಟವಾದ ತುಪ್ಪುಳವು ಅದರ ಸಂತತಿ ಉತ್ತರಕ್ಕೆ ಸಾಗಿ, ಬಹುಕಾಲ ಕಳೆದ ಮೇಲೆ ಗಳಿಸಿದ ಆಸ್ತಿ. ಆಫ್ರಿಕೆಯ ಆನೆಗಿಂತ ನಮ್ಮ ಏಷ್ಯದ ಆನೆಯೇ ಮ್ಯಾಮತ್ತಿಗೆ ಹತ್ತಿರದ ಬಂಧುವೆಂದು 2006ರಲ್ಲಿ ಡಿಎನ್ಎ ಪರೀಕ್ಷೆಗಳು ತೋರಿಸಿದವು.

ಈ ಇಡೀ ಇತಿಹಾಸವು ಒಂದು ಹಲ್ಲಿನಲ್ಲಿ ಅಡಗಿರುವುದೇ ನನಗೆ ಪರಮಾಶ್ಚರ್ಯ. ಆನೆಯ ದವಡೆಹಲ್ಲು ಗಟ್ಟಿ ಎನಾಮಲ್ಲಿನ ಏಣುಗಳನ್ನು ಸಾಲಾಗಿ ಜೋಡಿಸಿದ ಬೀಸುವ ಕಲ್ಲು. ಏಣುಗಳ ನಡುವಿನ ಮೆದು ಪದಾರ್ಥವು ಬೇಗ ಸವೆಯುವುದರಿಂದ, ಮೇಲ್ಮೈ ಸದಾ ಒರಟಾಗಿಯೇ ಉಳಿದು, ನಮ್ಮ ಕಲ್ಲಿಗೆ ಬೇಕಾಗುವ ಉಳಿಯ ಕಚ್ಚು ಅದಕ್ಕೆ ಬೇಡವೇ ಬೇಡ. ಆದಿಯ ಮ್ಯಾಮತ್ತಿನ ಕೊನೆಯ ದವಡೆಹಲ್ಲಿನಲ್ಲಿ ಇಂತಹ ಫಲಕಗಳು ಹತ್ತಕ್ಕೂ ಕಡಿಮೆ. ಒರಟು ಹುಲ್ಲನ್ನೇ ನೆಚ್ಚಿ ಬಾಳಿದ ಸೈಬೀರಿಯದ ತುಪ್ಪುಳದ ಮ್ಯಾಮತ್ತಿನಲ್ಲಿ 20ನ್ನೂ ಮೀರಿದವು. ಒಂದು ಜನ್ಮದಲ್ಲಿ ಇಂತಹ ಹಲ್ಲು ದವಡೆಯ ಪ್ರತಿ ಪಕ್ಕದಲ್ಲಿಯೂ ಆರು ಸಲ, ಹಿಂದಿನಿಂದ ಮುಂದಕ್ಕೆ ಸರಿಯುತ್ತ ಬರುತ್ತದೆ; ಆರನೆಯದು ಸವೆದರೆ ಉಪವಾಸವೇ ಗತಿ.

ಇಂತಹ ಅವಶೇಷಗಳನ್ನು ಕಂಡಾಗ ರಾಕ್ಷಸರನ್ನು ನೆನೆಯುವ ಚಾಳಿ ಹಳೆಯದು. ವಿಜಾಪುರದಲ್ಲಿದ್ದುಕೊಂಡು ಇತಿಹಾಸ ಬರೆದ ಫೆರಿಷ್ತಾ, ಫಿರೋಜ್ ಶಹಾ ತುಘಲಕನ ಕಾಲುವೆ ತೋಡುವಾಗ ದೊರೆತ ದೈತ್ಯಾಕಾರದ ಎಲುಬುಗಳಲ್ಲಿ ಕೆಲವನ್ನು ಮನುಷ್ಯರವೆಂದೇ ದಾಖಲಿಸಿದನು. ಆತನನ್ನು ಕ್ಷಮಿಸೋಣ; ಇಂದಿಗೂ ಭೀಮನ ಹಲ್ಲೆಂದು ಕುಂಕುಮ ಹಚ್ಚುವವರಿಗೆ ಆ ರಿಯಾಯಿತಿ ಸಲ್ಲದು.

ನೆಲ ತೋಡುವ ಬದಲು ನದಿಯ ಕಡೆ ನೋಡಿರಿ. ಬೀದರ ಜಿಲ್ಲೆಯ ಮಾಂಜರಾ ನದಿ ಸೇರುವ ಗೋದಾವರಿಯ ದಂಡೆಯಲ್ಲಿ, ನಾಸಿಕದ ಕಡೆಯ ನಂದೂರು ಮಧಮೇಶ್ವರದಲ್ಲಿ, ಮ್ಯಾಮತ್ತಿನ ದಾಯಾದಿಯಾದ ನೀಳದಂತದ ಮಹಾಗಜದ ತಲೆಬುರುಡೆ ದೊರೆತಿದೆ. ಮಾಂಜರೆಯ ಜಲ್ಲಿಯಲ್ಲಿ ಸಾಲುಸಾಲು ಏಣುಗಳುಳ್ಳ ಭಾರವಾದ ಕಲ್ಲು ಕಣ್ಣಿಗೆ ಬಿದ್ದರೆ, ದಯವಿಟ್ಟು ಒಡೆಯದೆ, ಕದಲಿಸದೆ, ಭೂವಿಜ್ಞಾನ ಬಲ್ಲವರಿಗೆ ತಿಳಿಸಿರಿ.