ಫೈಬರ್‌ಗ್ಲಾಸ್ ದೋಣಿಗಳ ಒಳಮರದ ಕೊಳೆತ ಮತ್ತು ದುರಸ್ತಿ

ಫೈಬರ್‌ಗ್ಲಾಸ್ ದೋಣಿಗಳ ಒಳಮರದ ಕೊಳೆತ ಎಂದರೆ ಗಾಜಿನ ನಾರು ಮತ್ತು ರಾಳದ (ರೆಸಿನ್) ಹೊದಿಕೆಯೊಳಗೆ ಆಧಾರವಾಗಿ ಇರಿಸಿದ ಮರ ಅಥವಾ ಪ್ಲೈವುಡ್, ತೇವದಲ್ಲಿ ಬೆಳೆಯುವ ಶಿಲೀಂಧ್ರದಿಂದಾಗಿ ಬಲ ಕಳೆದುಕೊಳ್ಳುವುದು. ಹೊರಮೈ ಹೊಳಪಾಗಿಯೇ ಉಳಿಯುವುದರಿಂದ ಈ ದೋಷವು ಹಲವು ವರ್ಷಗಳ ಕಾಲ ಕಣ್ಣಿಗೆ ಬೀಳದೆ ಇರಬಹುದು. ಬಳಸಿದ ದೋಣಿಯನ್ನು ಕೊಳ್ಳುವವರಿಗೆ ಎದುರಾಗುವ ದುಬಾರಿ ಸಮಸ್ಯೆಗಳಲ್ಲಿ ಇದು ಒಂದು. ಎಂಜಿನನ್ನು ಹೊತ್ತಿರುವ ಹಿಂಗೋಡೆಯು ಕೊಳೆತಿದ್ದರೆ, ವೇಗವಾಗಿ ಸಾಗುವಾಗ ಅದು ಬಿರಿದು ನೀರು ಒಳನುಗ್ಗುವ ಅಪಾಯವಿರುತ್ತದೆ.

ರಚನೆ

ಗಾಜಿನ ನಾರಿನಿಂದ ದೋಣಿ ಕಟ್ಟುವ ಪದ್ಧತಿಯು 1940ರ ದಶಕದಲ್ಲಿ ಅಮೆರಿಕದಲ್ಲಿ ಆರಂಭವಾಗಿ, ಮುಂದಿನ ಎರಡು ದಶಕಗಳಲ್ಲಿ ವ್ಯಾಪಕವಾಗಿ ಹರಡಿತು. ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳದ ಪದರವು ಕೊಳೆಯುವುದಿಲ್ಲ. ಆದರೆ ತೆಳುವಾದ ಪದರವು ಬಾಗುತ್ತದೆ. ಅದಕ್ಕೆ ಬಿಗುವು ಬರಬೇಕಾದರೆ ದಪ್ಪ ಬೇಕು. ದಪ್ಪವನ್ನೆಲ್ಲ ಗಾಜಿನ ನಾರಿನಿಂದಲೇ ತುಂಬಿದರೆ ತೂಕವೂ ಬೆಲೆಯೂ ಏರುತ್ತವೆ. ಆದ್ದರಿಂದ ತಯಾರಕರು ಎರಡು ತೆಳು ಪದರಗಳ ನಡುವೆ ಪ್ಲೈವುಡ್ ಅಥವಾ ಹಗುರವಾದ ಬಾಲ್ಸಾ ಮರವನ್ನು ಇರಿಸುತ್ತಿದ್ದರು.

ಸಣ್ಣ ಮೋಟಾರು ದೋಣಿಗಳಲ್ಲಿ ಇಂತಹ ಮರವು ಮುಖ್ಯವಾಗಿ ನಾಲ್ಕು ಕಡೆ ಇರುತ್ತದೆ: ಎಂಜಿನನ್ನು ಹೊರುವ ಹಿಂಗೋಡೆ (ಟ್ರಾನ್ಸಮ್), ತಳದ ಉದ್ದಕ್ಕೂ ಸಾಗುವ ತೊಲೆಗಳು (ಸ್ಟ್ರಿಂಗರ್), ಕಾಲಿಡುವ ನೆಲಹಲಗೆ ಮತ್ತು ಮೇಲಿನ ಡೆಕ್. ಮರವು ಎರಡೂ ಪದರಗಳಿಗೆ ಅಂಟಿಕೊಂಡಿರುವವರೆಗೆ ಮೂರೂ ಒಂದೇ ದಪ್ಪ ಹಲಗೆಯಂತೆ ಭಾರವನ್ನು ತಡೆಯುತ್ತವೆ. ಮರ ಕೊಳೆತೊಡನೆ ಎರಡು ಪದರಗಳು ಬೇರೆಬೇರೆಯಾಗಿ ಬಾಗತೊಡಗುತ್ತವೆ.

ಕಾರಣಗಳು

ಮರವನ್ನು ತಿನ್ನುವ ಶಿಲೀಂಧ್ರಕ್ಕೆ ತೇವ, ಗಾಳಿ, ಹದವಾದ ಉಷ್ಣತೆ ಮತ್ತು ಆಹಾರ ಬೇಕು. ಮರದ ತೇವಾಂಶವು ಶೇ. 20ಕ್ಕಿಂತ ಕೆಳಗಿದ್ದರೆ ಅದು ಸಾಮಾನ್ಯವಾಗಿ ಕೊಳೆಯುವುದಿಲ್ಲ, ಶೇ. 30ರ ಸುಮಾರಿಗೆ ಏರಿದಾಗ ಶಿಲೀಂಧ್ರವು ಸುಲಭವಾಗಿ ಹಬ್ಬುತ್ತದೆ. ಈ ಶಿಲೀಂಧ್ರಗಳಿಗೆ ಉಪ್ಪು ಹಿತವಲ್ಲ. ಆದ್ದರಿಂದ ಅನೇಕ ಸಂದರ್ಭಗಳಲ್ಲಿ ದೋಣಿಯನ್ನು ಕೆಡಿಸುವುದು ಸಮುದ್ರದ ನೀರಿಗಿಂತ ಹೆಚ್ಚಾಗಿ ಅದರೊಳಗೆ ನಿಂತ ಮಳೆನೀರು.

ನೀರು ಒಳಸೇರುವ ದಾರಿಗಳು ಬಹುಮಟ್ಟಿಗೆ ಮನುಷ್ಯರು ಕೊರೆದವುಗಳೇ. ಎಂಜಿನ್ನಿನ ಬೋಲ್ಟುಗಳು, ನೀರು ಬಸಿಯುವ ಬಿರಡೆಯ ತೂತು, ಏಣಿ, ಕೊಕ್ಕೆ ಮತ್ತು ಆಸನಗಳ ತಿರುಪುಗಳು ಗಾಜಿನ ಪದರವನ್ನು ಸೀಳಿ ಮರವನ್ನು ತಲುಪುತ್ತವೆ. ಅಂಚುಗಳಿಗೆ ಹಚ್ಚಿದ ಸೀಲಂಟ್ ಕಾಲಕ್ರಮದಲ್ಲಿ ಗಟ್ಟಿಯಾಗಿ ಬಿರಿದಾಗ ತೂತಿನ ಮೂಲಕ ನೀರು ಇಳಿಯುತ್ತದೆ. ಒಮ್ಮೆ ಒಳಸೇರಿದ ನೀರಿಗೆ ಆವಿಯಾಗಿ ಹೊರಹೋಗಲು ದಾರಿಯಿರುವುದಿಲ್ಲ. ದೋಣಿ ತೇಲಲೆಂದು ನೆಲಹಲಗೆಯ ಕೆಳಗೆ ತುಂಬಿದ ಫೋಮ್ ಕೂಡ ವರ್ಷಗಳು ಕಳೆದಂತೆ ನೀರು ಹೀರಿ, ತೊಲೆಗಳನ್ನು ಸದಾ ಒದ್ದೆಯಾಗಿ ಇಡಬಹುದು.

ಪತ್ತೆಹಚ್ಚುವ ವಿಧಾನಗಳು

ಕೊಳ್ಳುವ ಮೊದಲೇ ದೋಣಿಯನ್ನು ಪರೀಕ್ಷಿಸುವುದು ಉತ್ತಮ. ಸಾಮಾನ್ಯವಾಗಿ ಬಳಸುವ ಪರೀಕ್ಷೆಗಳು ಇವು:

• ಬಡಿದು ನೋಡುವುದು: ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಮೇಲ್ಮೈಯನ್ನು ಅಂಗುಲ ಅಂಗುಲವಾಗಿ ಬಡಿಯಲಾಗುತ್ತದೆ. ಗಟ್ಟಿ ಮರವಿದ್ದಲ್ಲಿ ಸದ್ದು ಖಣಿಲಾಗಿ ಬರುತ್ತದೆ. ಲಡ್ಡಾದ ಮರವಿದ್ದಲ್ಲಿ ಮಂಕಾದ ಸದ್ದು ಕೇಳುತ್ತದೆ.
• ಒತ್ತಿ ನೋಡುವುದು: ಎಂಜಿನ್ನನ್ನು ಓರೆಯಾಗಿ ಎತ್ತಿ, ಅದರ ಕೆಳಭಾಗವನ್ನು ಮೇಲಕ್ಕೂ ಕೆಳಕ್ಕೂ ಅಲುಗಿಸಿದಾಗ ಹಿಂಗೋಡೆ ಬಾಗಬಾರದು. ಕಾಲಿಟ್ಟಾಗ ನೆಲಹಲಗೆ ಕುಸಿಯಬಾರದು.
• ಕಣ್ಣಿಗೆ ಕಾಣುವ ಕುರುಹುಗಳು: ತಿರುಪಿನ ತೂತುಗಳಿಂದ ಒಸರುವ ಕಂದು ನೀರು, ಹಿಂಗೋಡೆಯ ಮೂಲೆಗಳಲ್ಲಿ ಬಿರುಕು, ಎಷ್ಟು ಬಿಗಿದರೂ ಸಡಿಲವಾಗುವ ಬೋಲ್ಟು.
• ಕೊರೆದು ನೋಡುವುದು: ಒಳಭಾಗದಿಂದ, ಹೊರಪದರ ತೂತಾಗದಂತೆ ಸಣ್ಣ ರಂಧ್ರ ಕೊರೆಯಲಾಗುತ್ತದೆ. ತಿಳಿಬಣ್ಣದ ಒಣ ಪುಡಿ ಬಂದರೆ ಮರ ಚೆನ್ನಾಗಿದೆ. ಕಪ್ಪಗಿನ ಒದ್ದೆ ಪುಡಿ ಬಂದರೆ ಕೆಟ್ಟಿದೆ. ಪರೀಕ್ಷೆಯ ನಂತರ ರಂಧ್ರವನ್ನು ಎಪಾಕ್ಸಿಯಿಂದ ತುಂಬಬೇಕು.

ತೇವಮಾಪಕವನ್ನೂ ಬಳಸುವುದುಂಟು. ಆದರೆ ಅದು ತೇವವನ್ನಷ್ಟೇ ತೋರಿಸುತ್ತದೆ, ಮರದ ಬಲವನ್ನಲ್ಲ. ನೀರು ಕೆಳಗೆ ಇಳಿದು ನಿಲ್ಲುವುದರಿಂದ ಹಿಂಗೋಡೆಯ ಬುಡದಲ್ಲಿ ಮತ್ತು ತೊಲೆಗಳ ಹಿಂತುದಿಯಲ್ಲಿ ಹೆಚ್ಚು ಎಚ್ಚರಿಕೆಯಿಂದ ನೋಡಬೇಕಾಗುತ್ತದೆ.

ದುರಸ್ತಿಯ ಕ್ರಮ

ಕೊಳೆತ ಮರದೊಳಗೆ ತೆಳುವಾದ ಎಪಾಕ್ಸಿಯನ್ನು ಸುರಿದು ಗಟ್ಟಿಗೊಳಿಸುವ ಸುಲಭೋಪಾಯವು ಪ್ರಚಲಿತದಲ್ಲಿದೆ. ಒದ್ದೆ ಮರದೊಳಗೆ ರಾಳವು ಸಮನಾಗಿ ಇಳಿಯದ ಕಾರಣ, ಭಾರ ಹೊರುವ ಭಾಗಗಳಿಗೆ ಇದು ತಕ್ಕ ಪರಿಹಾರವಲ್ಲ. ಕೆಟ್ಟ ಮರವನ್ನು ಪೂರ್ತಿಯಾಗಿ ತೆಗೆದು ಹೊಸದನ್ನು ಕೂರಿಸುವುದೇ ಶಾಶ್ವತ ದುರಸ್ತಿ.

1. ಎಂಜಿನ್ನನ್ನು ಇಳಿಸಿ, ದೋಣಿಯ ಒಡಲಿಗೆ ಕೆಳಗಿನಿಂದ ಹಲವೆಡೆ ಆಧಾರ ಕೊಡಲಾಗುತ್ತದೆ. ಆಧಾರವಿಲ್ಲದೆ ತೊಲೆಗಳನ್ನು ಕತ್ತರಿಸಿದರೆ ಒಡಲು ಸೊಟ್ಟಗಾಗಿ, ಆ ಸೊಟ್ಟು ಹಾಗೆಯೇ ಉಳಿಯುತ್ತದೆ.
2. ಒಳಪದರವನ್ನು ಅಂಚಿನಲ್ಲಿ ಎರಡು ಅಂಗುಲದಷ್ಟು ಪಟ್ಟಿ ಉಳಿಸಿ ಕತ್ತರಿಸಲಾಗುತ್ತದೆ. ಹೊರಪದರವನ್ನು ಹಾಗೆಯೇ ಉಳಿಸಿಕೊಂಡರೆ ದೋಣಿಯ ಆಕಾರವೂ ಹೊರಗಿನ ಅಂದವೂ ಕೆಡುವುದಿಲ್ಲ.
3. ಕೊಳೆತ ಮರವನ್ನು ಉಳಿಯಿಂದ ಕೆತ್ತಿ, ಗಟ್ಟಿ ಮರ ಸಿಗುವವರೆಗೂ ಅದನ್ನು ದಾಟಿ ಇನ್ನಷ್ಟು ದೂರಕ್ಕೂ ತೆಗೆಯಬೇಕು. ಬಳಿಕ ಪದರವನ್ನು ಉಜ್ಜಿ, ಪೂರ್ಣವಾಗಿ ಒಣಗಲು ಬಿಡಬೇಕು.
4. ರಟ್ಟಿನ ಅಚ್ಚು ತೆಗೆದು ಮರೈನ್ ಪ್ಲೈವುಡ್ ಕತ್ತರಿಸಲಾಗುತ್ತದೆ. ಹಿಂಗೋಡೆಗೆ ಸಾಮಾನ್ಯವಾಗಿ ಮುಕ್ಕಾಲು ಅಂಗುಲದ ಎರಡು ಹಲಗೆಗಳನ್ನು ಅಂಟಿಸಿ ಒಂದೂವರೆ ಅಂಗುಲ (ಸುಮಾರು 38 ಮಿ.ಮೀ.) ದಪ್ಪ ಮಾಡುತ್ತಾರೆ. ಅಂಚುಗಳು ಹೆಚ್ಚು ನೀರು ಹೀರುವುದರಿಂದ ಅವುಗಳಿಗೆ ಮೊದಲೇ ರಾಳ ಕುಡಿಸಲಾಗುತ್ತದೆ.
5. ಸಿಲಿಕಾ ಪುಡಿ ಬೆರೆಸಿ ಮಂದಗೊಳಿಸಿದ ರಾಳವನ್ನು ಹಚ್ಚಿ, ನಡುವೆ ಗಾಳಿ ಉಳಿಯದಂತೆ ಹಲಗೆಯನ್ನು ಒತ್ತಿ ಬಿಗಿಯಲಾಗುತ್ತದೆ.
6. ಒಳಮೂಲೆಗಳನ್ನು ಅದೇ ಲೇಪದಿಂದ ದುಂಡಗೆ ತುಂಬುತ್ತಾರೆ. ಗಾಜಿನ ಬಟ್ಟೆಯು ಚೂಪಾದ ಮೂಲೆಯಲ್ಲಿ ಮಡಚದೆ ಗಾಳಿಗುಳ್ಳೆ ಬಿಡುವುದೇ ಇದಕ್ಕೆ ಕಾರಣ.
7. ಹಳೆಯ ಪದರದ ಅಂಚನ್ನು ಇಳಿಜಾರಾಗಿ ಉಜ್ಜಿ, ಅದರ ಮೇಲೆ ಹೊಸ ಬಟ್ಟೆಯನ್ನು ಪದರಪದರವಾಗಿ ಹಾಸಲಾಗುತ್ತದೆ. ಇಳಿಜಾರಿನ ಉದ್ದವು ದಪ್ಪದ 12 ಪಟ್ಟು ಇರುವುದು ರೂಢಿ, 6 ಮಿ.ಮೀ. ದಪ್ಪದ ಪದರಕ್ಕೆ ಇದು 72 ಮಿ.ಮೀ. ಆಗುತ್ತದೆ.

ತೊಲೆಗಳನ್ನು ಒಂದೊಂದಾಗಿಯೇ ಬದಲಿಸುವುದು ಕ್ಷೇಮಕರ.

ರಾಳದ ಆಯ್ಕೆ

ಪಾಲಿಯೆಸ್ಟರ್ ರಾಳ ಅಗ್ಗವಾದರೂ ಮರಕ್ಕೂ ಹಳೆಯ ಪದರಕ್ಕೂ ಎಪಾಕ್ಸಿಯಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಎಪಾಕ್ಸಿಯಲ್ಲಿ ಎರಡು ದ್ರವಗಳನ್ನು ತಯಾರಕರು ಸೂಚಿಸಿದ ಅನುಪಾತದಲ್ಲೇ ಬೆರೆಸಬೇಕು. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚಿಸಿದರೆ ರಾಳವು ದುರ್ಬಲವಾಗುತ್ತದೆ. ಬಿಡಿ ಎಳೆಗಳ ಗಾಜಿನ ಚಾಪೆಗಳಲ್ಲಿ ಬಹುಪಾಲು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ನಲ್ಲಿ ಕರಗುವ ಅಂಟಿನಿಂದ ತಯಾರಾದವು. ಆದ್ದರಿಂದ ಎಪಾಕ್ಸಿಯೊಂದಿಗೆ ನೇಯ್ದ ಅಥವಾ ಹೊಲಿದ ಬಟ್ಟೆಯನ್ನು ಬಳಸುತ್ತಾರೆ. ಮರ ಬೇಡವೆನ್ನುವವರು ಗಾಜಿನ ನಾರು ಬೆರೆತ ಗಟ್ಟಿ ಫೋಮ್ ಹಲಗೆಗಳನ್ನು ಉಪಯೋಗಿಸುತ್ತಾರೆ. ಇವು ದುಬಾರಿಯಾದರೂ ಕೊಳೆಯುವುದಿಲ್ಲ.

ಸುರಕ್ಷತೆ

ಗಾಜಿನ ಧೂಳು ಚರ್ಮ, ಕಣ್ಣು ಮತ್ತು ಶ್ವಾಸನಾಳವನ್ನು ಕೆರಳಿಸುತ್ತದೆ. ರಾಳದ ಆವಿಗೆ ಧೂಳಿನ ಮುಸುಕು ಸಾಲದು. ಇಂಗಾಲದ ಶೋಧಕವಿರುವ ಮುಖಗವಸು ಬೇಕು. ಪಾಲಿಯೆಸ್ಟರನ್ನು ಗಟ್ಟಿಗೊಳಿಸುವ ಪೆರಾಕ್ಸೈಡ್ ದ್ರವವು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಹಾನಿಯಾಗಬಹುದು. ಒಂದೇ ಪಾತ್ರೆಯಲ್ಲಿ ಹೆಚ್ಚು ರಾಳ ಬೆರೆಸಿಟ್ಟರೆ ಅದು ತಾನಾಗಿ ಕಾದು ಹೊಗೆಯಾಡುತ್ತದೆ.

ತಡೆಗಟ್ಟುವಿಕೆ

ತಿರುಪು ಹಾಕಬೇಕಾದಲ್ಲಿ ಮೊದಲು ದೊಡ್ಡ ತೂತು ಕೊರೆದು, ಅದನ್ನು ಮಂದವಾದ ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆದರೆ ತಿರುಪು ಮರವನ್ನು ಮುಟ್ಟುವುದೇ ಇಲ್ಲ. ದಡದಲ್ಲಿ ನಿಲ್ಲಿಸುವಾಗ ಮೂತಿಯನ್ನು ಎತ್ತರಿಸಿ, ಬಿರಡೆಯನ್ನು ತೆಗೆದು, ಗಾಳಿಯಾಡುವಂತೆ ಹೊದಿಸಬೇಕು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿಯು ಮಳೆಗಾಲದಲ್ಲೇ ಬರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವಾಗ ಮರ ಒಣಗುವುದೂ ರಾಳ ಸರಿಯಾಗಿ ಹಿಡಿಯುವುದೂ ಕಷ್ಟ. ಆದ್ದರಿಂದ ಒಳಮರದ ದುರಸ್ತಿಗೆ ಒಣ ಹವೆಯ ತಿಂಗಳುಗಳು ಹೆಚ್ಚು ಅನುಕೂಲಕರ.