ಸಗಣಿಯ ಅನಿಲವೂ ಪುರ ಗ್ರಾಮವೂ

ವಿಶ್ವವಿದ್ಯಾನಿಲಯಗಳ ಶಕ್ತಿಸಂಶೋಧನೆಯು ಎಣ್ಣೆಯ ಬಾವಿ, ಪರಮಾಣು ಸ್ಥಾವರ ಮೊದಲಾದ ಮಹೋದ್ಯಮಗಳಿಗೆ ಮಾತ್ರ ಸಂಬಂಧಪಟ್ಟುದೆಂದು ಭಾವಿಸುವವರುಂಟು. ಆದರೆ ಅಡುಗೆಯ ಒಲೆಯೂ ನೀರಿನ ಬಿಂದಿಗೆಯೂ ಅದಕ್ಕೆ ವಿಷಯವಾಗಬಲ್ಲವು. ಇದಕ್ಕೆ ನಿದರ್ಶನವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಪ್ರಯೋಗವೊಂದನ್ನು ಪೂರ್ವ ವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದಿಡುತ್ತೇವೆ.

1974ರಲ್ಲಿ ಆ ಸಂಸ್ಥೆಯ ರಸಾಯನ ಶಾಸ್ತ್ರಜ್ಞರಾದ ಅಮೂಲ್ಯ ರೆಡ್ಡಿಯವರು, ಗ್ರಾಮಗಳಿಗೆ ವಿಜ್ಞಾನವು ಒದಗಬೇಕೆಂಬ ಉದ್ದೇಶದಿಂದ, 'ಅಸ್ತ್ರ' ಎಂಬ ವಿಭಾಗವನ್ನು ಆರಂಭಿಸಿದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ನೂರಕ್ಕೂ ಕಡಮೆ ಮನೆಗಳಿದ್ದ ಪುರವೆಂಬ ಗ್ರಾಮದಲ್ಲಿ ಸಂಶೋಧಕರು ಮನೆಮನೆಗೂ ಹೋಗಿ, ಎಷ್ಟು ಸೌದೆ ಉರಿಯುವುದು, ಅದನ್ನೂ ನೀರನ್ನೂ ತರಲು ಎಷ್ಟು ಹೊತ್ತು ಹಿಡಿಯುವುದು ಎಂದು ಲೆಕ್ಕಹಾಕಿದರು. ಊರಿನ ಶಕ್ತಿಯ ಬಹುಪಾಲು ಸೌದೆಯಿಂದಲೇ ದೊರೆಯುತ್ತಿದ್ದಿತು. ಅದು ಉರಿಯುತ್ತಿದ್ದುದು ಅಡುಗೆಗಾಗಿ. ಹೆಂಗಸರ ಮತ್ತು ಮಕ್ಕಳ ದುಡಿಮೆಯೂ ಶಕ್ತಿಯ ಲೆಕ್ಕದಲ್ಲಿ ಸೇರಬೇಕೆಂದು ಇವರು ಕಂಡುಕೊಂಡುದೇ, ನಮ್ಮ ಅಭಿಪ್ರಾಯದಲ್ಲಿ, ಇಡೀ ಕಾರ್ಯದ ಹಿರಿಮೆ.

ಸಗಣಿಯನ್ನು ನೀರಿನಲ್ಲಿ ಕಲಸಿ, ಗಾಳಿಯಾಡದ ತೊಟ್ಟಿಯಲ್ಲಿಟ್ಟರೆ, ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಮೀಥೇನ್ ಅನಿಲವನ್ನು ಹುಟ್ಟಿಸುವುವು. ಅದು ಹೊಗೆಯಿಲ್ಲದೆ ಉರಿಯುವುದು. ಉಳಿದ ಬಗ್ಗಡದಲ್ಲಿ ಗೊಬ್ಬರದ ಸಾರವು ನಾಶವಾಗುವುದಿಲ್ಲ. ಆದುದರಿಂದ ಊರಿಗೆಲ್ಲ ಸಾಮಾನ್ಯವಾದ ಸ್ಥಾವರವೊಂದನ್ನು ಕಟ್ಟಿ, ಎಲ್ಲ ಒಲೆಗಳಿಗೂ ಅನಿಲವೊದಗಿಸಬೇಕೆಂದು ಮೊದಲು ಯೋಚಿಸಿದರು. ಈ ಯೋಜನೆ ಫಲಿಸಲಿಲ್ಲ. ದೊರೆತ ಸಗಣಿಯ ಅನಿಲವು ಎಲ್ಲ ಮನೆಗಳ ಅಡುಗೆಗೆ ಸಾಲದಾಯಿತು. ಅರ್ಧ ಅಡುಗೆಗೆ ಅನಿಲ, ಅರ್ಧಕ್ಕೆ ಸೌದೆ ಎಂದರೆ ಯಾವ ಗೃಹಿಣಿ ತಾನೇ ಒಪ್ಪುವಳು?

ಊರವರಿಗೆ ಮುಖ್ಯವಾಗಿ ಬೇಕಾಗಿದ್ದುದು ಕುಡಿಯಲು ಶುದ್ಧವಾದ ನೀರು. ಅನಿಲಕ್ಕೆ ಸ್ವಲ್ಪ ಡೀಸೆಲ್ ಸೇರಿಸಿ ಯಂತ್ರವನ್ನು ನಡೆಯಿಸಿದರೆ, ಅಡುಗೆಗೆ ಸಾಲದ ಆ ಅನಿಲವೇ ವಿದ್ಯುತ್ತಾಗಿ ಮನೆಗಳ ದೀಪಗಳಿಗೂ ಪಂಪಿಗೂ ಸಾಕಾಗುವುದು. ಏಕೆಂದರೆ, ಒಂದು ಕೊಳವೆದೀಪಕ್ಕೆ ಬೇಕಾದ ಶಕ್ತಿಯು ಒಲೆಯ ಶಾಖದ ಮುಂದೆ ಅತ್ಯಲ್ಪ. ಹಾಗೆಯೇ 1987ರಿಂದ ಪುರದಲ್ಲಿ ದೀಪಗಳು ಬೆಳಗಿದುವು. ಕೊಳವೆಬಾವಿಯ ನೀರು ಊರಿನ ಕೊಳಾಯಿಗಳಿಗೆ ಬಂದಿತು. ಸಗಣಿ ತಂದು ಹಾಕಿದವರಿಗೆ ಅಲ್ಪ ಕೂಲಿಯನ್ನಿತ್ತು, ಬಗ್ಗಡವನ್ನೂ ಹಿಂದಿರುಗಿಸುತ್ತಿದ್ದರು.

ಅಡುಗೆಯ ಹೊಗೆ ಮಾತ್ರ ಇದರಿಂದ ತೀರಲಿಲ್ಲ. ಅದಕ್ಕಾಗಿ ಅದೇ ವಿಭಾಗದವರು ಮೂರು ಪಾತ್ರೆಗಳನ್ನಿಡಬಹುದಾದ, ಹೊಗೆಕೊಳವೆಯುಳ್ಳ 'ಅಸ್ತ್ರ ಒಲೆ'ಯನ್ನು ರೂಪಿಸಿದರು. ಸೌದೆಯನ್ನೂ ಉಳಿಸಿದ ಈ ಒಲೆಯು ಕರ್ನಾಟಕದ ಅನೇಕ ಮನೆಗಳಿಗೆ ಹೋಯಿತು.

ಪುರದ ಸ್ಥಾವರವು ಹಲವು ವರ್ಷ ನಡೆದು, ಮುಂದೆ ನಿಂತುಹೋಯಿತು. ರೆಡ್ಡಿಯವರು 2006ರಲ್ಲಿ ನಿಧನರಾದರು. ಅದಕ್ಕೆ ಎರಡು ವರ್ಷ ಮುಂಚೆ, ಅದರ ಏಳನ್ನು ಮಾತ್ರವಲ್ಲದೆ ಬೀಳನ್ನೂ ವಿಮರ್ಶಿಸಿ ಲೇಖನವೊಂದನ್ನು ಪ್ರಕಟಿಸಿದ್ದರು.