ನಿಧನವಾರ್ತೆಯಲ್ಲಿ ವಂಶದ ಕಥೆ

ದಿನಪತ್ರಿಕೆಯನ್ನು ಓದುವವರಲ್ಲಿ ಹೆಚ್ಚಿನವರು ಅದರ ಒಂದು ಮೂಲೆಯನ್ನು ನೋಡಿಯೂ ನೋಡದಂತೆ ದಾಟಿಹೋಗುತ್ತಾರೆ. ಸತ್ತವರ ಹೆಸರು, ಊರು, ವಯಸ್ಸು, ಅಗಲಿದವರು ಬಿಟ್ಟುಹೋದ ಬಂಧುಗಳು, ಅಂತ್ಯಕ್ರಿಯೆ ನಡೆಯುವ ಸ್ಥಳ—ಇಷ್ಟನ್ನು ನಾಲ್ಕೈದು ಸಾಲುಗಳಲ್ಲಿ ಹೇಳಿ ಮುಗಿಸುವ ನಿಧನವಾರ್ತೆಯ ಮೂಲೆ ಅದು. ಮರುದಿನ ಆ ಹಾಳೆ ಅಂಗಡಿಯಲ್ಲಿ ಪೊಟ್ಟಣವಾಗುತ್ತದೆ. ಆದರೆ ಐವತ್ತು ವರ್ಷ ಕಳೆದ ಬಳಿಕ ಅದೇ ಮನೆತನದ ಮೊಮ್ಮಗನೋ ಮರಿಮಗಳೋ ತಮ್ಮ ಹಿರಿಯರು ಯಾರು, ಎಲ್ಲಿಂದ ಬಂದವರು ಎಂದು ಅರಸಿ ಹೊರಟರೆ, ಆ ಸಾಲುಗಳಿಗೆ ಮನೆಯ ಹಳೆಯ ಪತ್ರಗಳಷ್ಟೇ ಬೆಲೆ ಬರುತ್ತದೆ.

ನಿಧನವಾರ್ತೆಯನ್ನು ಓದುವುದರಲ್ಲಿ ಒಂದು ವಿಚಿತ್ರವುಂಟು. ಅದು ಸತ್ತವರ ಸುದ್ದಿಯಾದರೂ ವಂಶವನ್ನು ಹುಡುಕುವವನಿಗೆ ಬೇಕಾದುದು ಬದುಕಿರುವವರ ಪಟ್ಟಿ. ‘ಮೂವರು ಪುತ್ರರು, ಇಬ್ಬರು ಪುತ್ರಿಯರು’ ಎಂಬ ಮಾತಿನಿಂದ ಕುಟುಂಬದ ಗಾತ್ರ ತಿಳಿಯುತ್ತದೆ. ಒಬ್ಬ ಮಗ ಭದ್ರಾವತಿಯ ಕಾರ್ಖಾನೆಯಲ್ಲಿ, ಇನ್ನೊಬ್ಬನು ಮುಂಬಯಿಯಲ್ಲಿ ಎಂದಿದ್ದರೆ ಕವಲುಗಳು ಒಡೆದ ದಾರಿ ಗೊತ್ತಾಗುತ್ತದೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ವಿಸರ್ಜನೆ ಎಂದಿದ್ದರೆ, ವೈಕುಂಠ ಸಮಾರಾಧನೆ ಎಂದಿದ್ದರೆ, ಶಿವಗಣಾರಾಧನೆ ಎಂದಿದ್ದರೆ, ಆ ಒಂದೊಂದು ಪದವೂ ಮನೆಯ ನಡೆನುಡಿಯನ್ನು ಸೂಚಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಹೆಸರಿನ ಹಿಂದಿರುವ ಅಕ್ಷರ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಕಿಕ್ಕೇರಿ ಎಂಬ ಊರಿದೆ. ಕವಿ ಕೆ. ಎಸ್. ನರಸಿಂಹಸ್ವಾಮಿಯವರು ೧೯೧೫ರಲ್ಲಿ ಹುಟ್ಟಿದ್ದು ಅಲ್ಲಿ. ೨೦೦೩ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಬಹುಕಾಲ ಬೇರೆ ಊರುಗಳಲ್ಲಿ ಬಾಳಿದರೂ ಅವರ ಹೆಸರಿನ ಮೊದಲ ಅಕ್ಷರ ಕಿಕ್ಕೇರಿಯನ್ನು ಬಿಡಲಿಲ್ಲ. ಎರಡನೆಯ ಅಕ್ಷರ ತಂದೆ ಸುಬ್ಬರಾಯರದು. ಹೀಗೆ ಊರನ್ನು ಬಿಟ್ಟವರ ಹೆಸರಿನಲ್ಲಿ ಊರು ಉಳಿಯುತ್ತದೆ. ಹಾಗೆಂದು ‘ಕೆ’ ಎಂದರೆಲ್ಲ ಕಿಕ್ಕೇರಿಯೆಂದು ಹಿಗ್ಗಬಾರದು. ಅದು ಕನ್ನಂಬಾಡಿಯೂ ಆಗಿರಬಹುದು. ಆ ಹಳೆಯ ಕನ್ನಂಬಾಡಿ ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿತು. ನೆಲದ ಮೇಲಿಲ್ಲದ ಊರು ಒಂದು ಅಕ್ಷರದಲ್ಲಿ ಇದೆ ಎಂದರೆ ಅದೇನು ಸಾಮಾನ್ಯವಾದ ಸಂಗತಿಯೆ?

ಹುಡುಕುವವನು ಜಾಗರೂಕನಾಗಿರಬೇಕು. ಮಂಡ್ಯ ಜಿಲ್ಲೆ ರಚನೆಯಾದದ್ದು ೧೯೩೯ರಲ್ಲಿ. ಅದಕ್ಕೆ ಹಿಂದಿನ ಪತ್ರಿಕೆಯಲ್ಲಿ ಈ ಸೀಮೆಯ ಸುದ್ದಿಯನ್ನು ಮೈಸೂರು ಜಿಲ್ಲೆಯ ಹೆಸರಿನಡಿಯಲ್ಲಿ ನೋಡಬೇಕು. ಕೃಷ್ಣರಾಜಪೇಟೆಗೆ ಅತ್ತಿಕುಪ್ಪೆ ಎಂಬ ಹಳೆಯ ಹೆಸರೂ ಇತ್ತು. ವಯಸ್ಸನ್ನಂತೂ ಪೂರ್ಣವಾಗಿ ನಂಬುವ ಹಾಗಿಲ್ಲ. ಹುಟ್ಟಿದ ದಿನವನ್ನು ಬರೆದಿಡದ ಕಾಲದಲ್ಲಿ ‘ಪ್ಲೇಗು ಬಂದ ವರ್ಷ ಹುಟ್ಟಿದ್ದು’ ಎಂಬಂತಹ ಲೆಕ್ಕವೇ ಬಳಕೆಯಲ್ಲಿತ್ತು. ಮೈಸೂರು ಸಂಸ್ಥಾನಕ್ಕೆ ಪ್ಲೇಗು ೧೮೯೮ರಲ್ಲಿ ಕಾಲಿಟ್ಟಿತಾದರೂ ಮುಂದೆ ಅನೇಕ ಸಲ ಮರಳಿ ಬಂದಿತು. ಆದುದರಿಂದ ‘ಎಂಬತ್ತು ವರ್ಷ’ ಎಂದು ಅಚ್ಚಾದುದು ಎಪ್ಪತ್ತಾರೂ ಆಗಿರಬಹುದು, ಎಂಬತ್ತನಾಲ್ಕೂ ಆಗಿರಬಹುದು.

ಹೆಂಗಸರ ವಿಷಯದಲ್ಲಿ ಈ ವಾರ್ತೆಗಳು ಜಿಪುಣವಾಗಿವೆ. ‘ದಿವಂಗತ ಪಟೇಲರ ಪತ್ನಿ’, ‘ಇಂಥವರ ಮಾತೃಶ್ರೀ’ ಎಂದಿಷ್ಟೇ ಹೇಳಿ, ಆಕೆಯ ಸ್ವಂತ ಹೆಸರನ್ನಾಗಲಿ ತವರೂರನ್ನಾಗಲಿ ಹೇಳದೆ ಬಿಟ್ಟವು ಎಷ್ಟೋ. ತಾಯಿಯ ಕಡೆಯ ವಂಶ ಅಲ್ಲಿಗೆ ಕಡಿದುಹೋಗುತ್ತದೆ. ಆದರೆ ಕಿಕ್ಕೇರಿಯಲ್ಲಿಯೇ ಇರುವ ಬ್ರಹ್ಮೇಶ್ವರ ದೇವಾಲಯವನ್ನು ೧೧೭೧ರಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಆಳ್ವಿಕೆಯಲ್ಲಿ, ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ ಎಂಬುದು ಇಂದಿಗೂ ತಿಳಿದಿದೆ. ಶಾಸನವು ಉಳಿಸಿಕೊಟ್ಟ ಹೆಸರನ್ನು ಎಂಟುನೂರು ವರ್ಷಗಳ ಅನಂತರದ ಅಚ್ಚಿನ ಮೊಳೆ ಏಕೆ ಉಳಿಸಲಿಲ್ಲವೆಂದು ಕೇಳಬೇಕಾಗಿದೆ.

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಹೊರಟದ್ದು ೧೮೪೩ರಲ್ಲಿ. ಅದಕ್ಕೆ ಹಿಂದಿನವರನ್ನು ಹುಡುಕುವವನಿಗೆ ಪತ್ರಿಕೆಯ ಮೂಲೆಯ ಬದಲು ಊರ ಹೊರಗಿನ ಕಲ್ಲು ಸಿಗುತ್ತದೆ. ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲುಗಳು ಕನ್ನಡ ನಾಡಿನ ಅತಿ ಹಳೆಯ ನಿಧನವಾರ್ತೆಗಳು. ಸತ್ತವನು ಯಾರು, ಯಾರ ಮಗ, ಯಾವ ಕಾಳಗದಲ್ಲಿ ಬಿದ್ದನು, ಕಲ್ಲನ್ನು ನಿಲ್ಲಿಸಿದವರು ಯಾರು ಎಂಬುದನ್ನು ಅವು ಹೇಳುತ್ತವೆ.

ಕಿಕ್ಕೇರಿಯ ತಾಲ್ಲೂಕಿನಲ್ಲೇ ಇರುವ ಅಗ್ರಹಾರ ಬಾಚಹಳ್ಳಿಯ ಕಂಬಗಳು ಈ ದೃಷ್ಟಿಯಿಂದ ಅಪೂರ್ವವಾದವು. ಹೊಯ್ಸಳ ಅರಸರಿಗೆ ಗರುಡರೆಂಬ ಅಂಗರಕ್ಷಕರಿದ್ದರು. ದೊರೆ ಸತ್ತರೆ ತಾವೂ ಸಾಯುವುದಾಗಿ ಅವರು ಪ್ರತಿಜ್ಞೆ ಮಾಡುತ್ತಿದ್ದರು. ಇಲ್ಲಿ ೧೩ನೆಯ ಶತಮಾನದ ಶಾಸನವು ಅಂತಹ ಒಂದೇ ಮನೆತನದ ತಲೆಮಾರುಗಳನ್ನು ಸಾಲಾಗಿ ಹೆಸರಿಸುತ್ತದೆ: ಗಂಡನಾರಾಯಣಸೆಟ್ಟಿ, ಹೊಯ್ಸಳಸೆಟ್ಟಿ, ಕುರೆಯನಾಯಕ, ಸಿವನೆಯನಾಯಕ, ಲಕ್ಕೆಯನಾಯಕ, ಕನ್ನೆಯನಾಯಕ, ರಂಗನಾಯಕ. ಹುಟ್ಟಿನ ವಿವರಗಳಲ್ಲ, ಸಾವಿನ ವಿವರಗಳು ಇಲ್ಲಿ ವಂಶಾವಳಿಯನ್ನು ಹೆಣೆದಿವೆ. ದೊರೆಗಳ ವಂಶಾವಳಿ ನಾಡಿನಲ್ಲಿ ಬೇಕಾದಷ್ಟಿದೆ. ಸೇವಕರ ವಂಶಾವಳಿ ಹೀಗೆ ತಲೆಮಾರುಗಟ್ಟಲೆ ದೊರೆಯುವುದು ತೀರ ಅಪರೂಪ. ಆದರೂ ಇಲ್ಲಿಯೂ ಒಂದು ಮೌನವುಂಟು. ನಾಯಕನೊಡನೆ ಪ್ರಾಣ ಬಿಟ್ಟ ಮಡದಿಯರ ಹೆಸರುಗಳಿವೆ. ಜೊತೆಗೆ ಸತ್ತ ದಾಸಿಯರದು ಬರಿಯ ಎಣಿಕೆ. ಅದೇ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಸುಮಾರು ೯೫೦ರಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಒಂದು ನಾಯಿಗೆ ಮಣಲೇರನೆಂಬ ವೀರನು ಕಲ್ಲನ್ನು ನಿಲ್ಲಿಸಿದನು. ಆ ನಾಯಿಯ ಹೆಸರು ಕಾಳಿ ಎಂಬುದು ಈಗಲೂ ಗೊತ್ತು.

ಕಲ್ಲಿನಲ್ಲಾಗಲಿ ಕಾಗದದಲ್ಲಾಗಲಿ ಬರೆಸುವವರಿದ್ದರೆ ಮಾತ್ರ ಬರೆಹ ಉಳಿಯುತ್ತದೆ. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಧಾತು-ಈಶ್ವರ ಸಂವತ್ಸರಗಳ ಕ್ಷಾಮವನ್ನು ನೆನೆಯಬಹುದು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಜನಸಂಖ್ಯೆ ೧೮೮೧ರ ಹೊತ್ತಿಗೆ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ದಾರಿಯಲ್ಲಿ ಬಿದ್ದು ಸತ್ತ ಆ ಜನರಲ್ಲಿ ಎಷ್ಟು ಮಂದಿಗೆ ನಾಲ್ಕು ಸಾಲಿನ ಸುದ್ದಿ ದೊರೆತೀತು? ಒಂದು ಮನೆತನದ ವೃತ್ತಾಂತ ಆ ವರ್ಷಗಳಲ್ಲಿ ತಟ್ಟನೆ ನಿಂತುಹೋದರೆ, ಹುಡುಕುವವನ ಶ್ರಮ ಸಾಲದೆಂದು ತಿಳಿಯಬೇಕಾಗಿಲ್ಲ.

ಬರೆಹವಿಲ್ಲದ ಇಂತಹ ಮನೆಗಳ ಬಾಗಿಲಿಗೆ ಬರುತ್ತಿದ್ದವರು ಹೆಳವರು. ಮನೆತನಗಳ ವಂಶಾವಳಿಯನ್ನು ಹೇಳುವುದೇ ಅವರ ಕುಲವೃತ್ತಿ. ಎತ್ತನ್ನೇರಿ ಊರಿಂದೂರಿಗೆ ಸುತ್ತುತ್ತ, ತಮಗೆ ಸೇರಿದ ಒಕ್ಕಲುಮನೆಗಳ ಮುಂದೆ ನಿಂತು, ಆ ಮನೆಯ ಮೂಲಪುರುಷನು ಯಾರು, ಯಾವ ಊರಿನಿಂದ ಬಂದನು, ಅವನಿಗೆ ಮಕ್ಕಳೆಷ್ಟು ಎಂಬುದನ್ನು ಅವರು ರಾಗವಾಗಿ ಹೇಳುತ್ತಿದ್ದರು. ಈಗಲೂ ಕೆಲವೆಡೆ ಹೆಳವರು ಬರುವುದುಂಟು. ಹಳೆಯ ಹೆಸರುಗಳನ್ನು ಹೇಳಿ ಮುಗಿಸಿದ ಮೇಲೆ ಅವರು ಮನೆಯವರನ್ನು ಪ್ರಶ್ನಿಸುತ್ತಾರೆ: ಕಳೆದ ಸಲ ಬಂದುಹೋದ ಮೇಲೆ ಈ ಮನೆಯಲ್ಲಿ ತೀರಿಕೊಂಡವರು ಯಾರು, ಹುಟ್ಟಿದವರು ಯಾರು? ಆ ಹೆಸರುಗಳನ್ನು ಹಳೆಯದಕ್ಕೆ ಸೇರಿಸಿಕೊಂಡು, ಕೊಟ್ಟ ದವಸವನ್ನು ಎತ್ತಿನ ಮೇಲೇರಿಸಿ ಮುಂದಿನ ಮನೆಗೆ ಹೋಗುತ್ತಾರೆ.